ಲೋಣಾರ್: ಕಲ್ಲಿನ ಸಿಪ್ಪೆ, ಕಲ್ಲಿನ ತಿರುಳು

ಮೊದಲ ದಿನ: ಕರಿಕಲ್ಲಿನ ದಾರಿ

ಮಹಾರಾಷ್ಟ್ರದ ಲೋಣಾರ್ ಸರೋವರ ಇರುವುದು ಉಲ್ಕೆ ಬಿದ್ದು ಆದ ಕುಳಿಯಲ್ಲಿ. ಅದನ್ನು ನೋಡಲು ಹೋಗುವವರು ಹೆಚ್ಚಾಗಿ ಅಜಂತಾ, ಎಲ್ಲೋರಾ ಮುಗಿಸಿಕೊಂಡು ಸಂಭಾಜಿನಗರದ (ಹಳೆಯ ಔರಂಗಾಬಾದ್) ಕಡೆಯಿಂದ ಬರುತ್ತಾರೆ. ನಾವು ಹೊರಟಿದ್ದು ವಿಜಯಪುರದಿಂದ. ಸೋಲಾಪುರ, ತುಳಜಾಪುರ, ಧಾರಾಶಿವ, ಬೀಡ್ ದಾಟಿ ಜಾಲ್ನಾ. ಅಲ್ಲಿಂದ ಸಿಂದಖೇಡ್ ರಾಜಾ ಮೇಲೆ ಲೋಣಾರ್. ನಸುಕಿನಲ್ಲಿ ಬಿಟ್ಟರೆ ಹೊತ್ತು ಮುಳುಗುವುದಕ್ಕೆ ಮೊದಲು ಮುಟ್ಟಬಹುದು. ನಡುವೆ ಊಟಕ್ಕೆ ತುಂಬಾ ಹೊತ್ತು ಕೂರಬಾರದು ಅಷ್ಟೇ.

ನನ್ನ ಜೊತೆ ಇದ್ದವಳು ನಮ್ಮಣ್ಣನ ಮಗಳು. ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಾಳೆ. ಚಂದ್ರ, ಮಂಗಳದ ಮೇಲಿನ ಕುಳಿಗಳಲ್ಲಿ ಯಾವ ಖನಿಜ ಇದೆ ಎಂದು ಬೆಳಕಿನಿಂದ ಪತ್ತೆ ಮಾಡುವುದು ಅವಳ ವಿಷಯ. ಆದರೆ ಚಂದ್ರನ ಮೇಲೆ ಹೋಗಿ ಕಲ್ಲು ಮುಟ್ಟಿ ನೋಡಿ ಬರಲು ಆಗುವುದಿಲ್ಲವಲ್ಲ. ಅದಕ್ಕೆ ಲೋಣಾರ್. ಅವಳ ಜೊತೆ ಬರಬೇಕಿದ್ದ ಹುಡುಗನಿಗೆ ಜ್ವರ ಬಂತು. ಪೆಟ್ಟಿಗೆ ಹೊರಲು ಒಬ್ಬರು ಬೇಕಿತ್ತು. ನಾನು ಸುಮ್ನೆ ಮನೆಯಲ್ಲಿ ಕೂತಿದ್ದೆ.

ಬೀಡ್ ಹತ್ತಿರ ಬರುತ್ತಿದ್ದಂತೆ ಮಾಂಜರಸುಂಬಾ ಘಟ್ಟ. ರಸ್ತೆಗಾಗಿ ಗುಡ್ಡ ಕಡಿದ ಕಡೆ ಕಲ್ಲಿನ ಪದರಗಳು ಚೆನ್ನಾಗಿ ಕಾಣುತ್ತವೆ. ಒಂದು ದಪ್ಪ ಕರಿ ಪದರ, ಅದರ ಮೇಲೆ ಮೆತ್ತಗಿನ ಪುಡಿಪುಡಿ ಪಟ್ಟಿ, ಮತ್ತೆ ಕರಿ ಪದರ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಒಂದರ ಮೇಲೊಂದು ಹರಿದು ಗಟ್ಟಿಯಾದ ಲಾವಾ ಇದು. ನಮ್ಮ ಗೋಲಗುಂಬಜ್ ಕಟ್ಟಿದ್ದೂ ಇದೇ ಜಾತಿಯ ಕಲ್ಲಿನಲ್ಲಿ. ವಿಜಯಪುರದಿಂದ ಲೋಣಾರ್ ತನಕ ಇಡೀ ದಿನ ಗಾಡಿ ಓಡಿಸಿದರೂ ಕೆಳಗಿನ ಬಂಡೆ ಬದಲಾಗುವುದಿಲ್ಲ. ಹೊಲ ಮಾತ್ರ ಬದಲಾಗುತ್ತದೆ. ನಮ್ಮ ಕಡೆ ಬಿಳಿಜೋಳ, ಕಡಲೆ. ಇತ್ತ ಬಂದಂತೆ ಹತ್ತಿ, ತೊಗರಿ. ಡಿಸೆಂಬರ್ ಆದ್ದರಿಂದ ತೊಗರಿ ಕಾಯಿ ಒಣಗಿ ಗಲಗಲ ಎನ್ನುತ್ತಿತ್ತು.

ಜಾಲ್ನಾದಲ್ಲಿ ಮೋಸಂಬಿ ತೆಗೆದುಕೊಳ್ಳದೆ ಮುಂದೆ ಹೋಗಬೇಡಿ. ಈ ಊರಿನ ಮೋಸಂಬಿಗೆ ಜಿಐ ಗುರುತು ಸಿಕ್ಕಿದೆ. ರಸ್ತೆ ಬದಿಯ ಮುದುಕಪ್ಪ ಒಂದನ್ನು ಹೆಚ್ಚಿ ಕೈಗಿಟ್ಟು, "ತಿಂದು ನೋಡಿ, ಆಮೇಲೆ ಚೌಕಾಸಿ ಮಾಡಿ" ಅಂದ. ತಿಂದ ಮೇಲೆ ಚೌಕಾಸಿ ಮಾಡಲು ಬಾಯಿ ಬರಲಿಲ್ಲ. ಜಾಣ.

ಸಿಂದಖೇಡ್ ರಾಜಾ ಶಿವಾಜಿಯ ತಾಯಿ ಜೀಜಾಬಾಯಿ ಹುಟ್ಟಿದ ಊರು. ಇಳಿದು ನೋಡುವ ಆಸೆ ಇತ್ತು. ಊರು ದಾಟುತ್ತಿದ್ದಂತೆಯೇ ಹಿಂದಿನ ಗಾಲಿ ಪಂಕ್ಚರ್ ಆಯಿತು. ಚಾಲಕ ಗಾಲಿ ಬದಲಿಸುವಷ್ಟರಲ್ಲಿ ಇದ್ದಬದ್ದ ಹೊತ್ತೂ ಹೋಯಿತು. ಲೋಣಾರ್ ಮುಟ್ಟಿದಾಗ ಬಿಸಿಲು ಕೆಂಪಾಗಿತ್ತು.

ಕುಳಿ ಊರಿಗೆ ಅಂಟಿಕೊಂಡೇ ಇದೆ. ಅಂಗಡಿ ಸಾಲು, ಬಸ್ ನಿಲ್ದಾಣ, ಆಮೇಲೆ ಸ್ವಲ್ಪ ಏರು. ಏರು ಮುಗಿದ ಕೂಡಲೇ ನೆಲ ಇಲ್ಲ. ಸುಮಾರು 1.8 ಕಿ.ಮೀ. ಅಗಲದ ದುಂಡನೆಯ ತಗ್ಗು. ಅಂಚಿನಿಂದ ಕೆಳಗೆ ನೀರಿನ ತನಕ 130 ಮೀಟರಿಗಿಂತ ಜಾಸ್ತಿ ಆಳ. ಸುತ್ತಲೂ ಕಾಡು, ನಡುವೆ ಹಸಿರು ನೀರು. ಅಂಚು ಸುತ್ತಲಿನ ಹೊಲಗಳಿಗಿಂತ ಸುಮಾರು 20 ಮೀಟರ್ ಎತ್ತರದಲ್ಲಿದೆ. ನಾವು ಹತ್ತಿದ ಆ ಏರೇ ಅದು. ಅಪ್ಪಳಿಕೆಯಾದಾಗ ಮೇಲೆದ್ದ ಪದರಗಳು, ಅವುಗಳ ಮೇಲೆ ಎರಚಿ ಬಿದ್ದ ಕಲ್ಲು.

ರಾತ್ರಿ ಊಟಕ್ಕೆ ಜುಣಕ, ಭಾಕರಿ, ಠೇಚಾ. ನಮ್ಮ ಕಡೆಯದೇ ಊಟ ಅಲ್ವಾ ಎಂದು ಧೈರ್ಯವಾಗಿ ಠೇಚಾ ಹಾಕಿಸಿಕೊಂಡೆ. ವಿದರ್ಭದ ಹಸಿಮೆಣಸಿನಕಾಯಿಯ ಖಾರವೇ ಬೇರೆ. ಮೊಸರು ಎರಡು ಸಲ ಕೇಳಬೇಕಾಯಿತು.

ಮರುದಿನ: ಅಂಚಿನ ಮೇಲೆ

ಬೆಳಿಗ್ಗೆ ಚಳಿ. ಚಹಾ, ಪೋಹೆ ಆಯಿತು. ಅರಣ್ಯ ಇಲಾಖೆಯ ಕಾವಲುಗಾರರಿಗೆ ಅನುಮತಿ ಪತ್ರ ತೋರಿಸಿದೆವು. ಇದು ಅಭಯಾರಣ್ಯ. 2020ರಿಂದ ರಾಮ್ಸರ್ ಪಟ್ಟಿಯಲ್ಲಿರುವ ಜೌಗು ತಾಣ ಕೂಡ. ನೋಡಲು ಯಾರು ಬೇಕಾದರೂ ಬರಬಹುದು, ಆದರೆ ಪತ್ರವಿಲ್ಲದೆ ಒಂದು ಹರಳನ್ನೂ ಎತ್ತಿಕೊಂಡು ಹೋಗುವಂತಿಲ್ಲ. ನಮ್ಮ ಚೀಲ ಸಂಜೆ ಮತ್ತೆ ಬಿಚ್ಚಿ ನೋಡುತ್ತೇವೆ ಎಂದು ಕಾವಲುಗಾರರು ಮೊದಲೇ ಹೇಳಿದರು. ಹಾಗೇ ಮಾಡಿದರು ಕೂಡ. ನನಗೆ ಇದು ಸರಿ ಅನಿಸಿತು. ಬಂದವರೆಲ್ಲ ಒಂದೊಂದು ಕಲ್ಲು ಜೇಬಿಗೆ ಹಾಕಿಕೊಂಡರೆ ಉಳಿಯುವುದೇನು?

ಯಂತ್ರದ ಹೆಸರು ಸ್ಪೆಕ್ಟ್ರೋಮೀಟರ್. ಬೆನ್ನಿಗೆ ಹಾಕಿಕೊಳ್ಳುವ ಪೆಟ್ಟಿಗೆ. ಅದರಿಂದ ಒಂದು ಗಾಜಿನ ಎಳೆಯ ಕೇಬಲ್, ತುದಿಗೆ ಹಿಡಿ. ಬಿಸಿಲು ಕಲ್ಲಿನ ಮೇಲೆ ಬೀಳುತ್ತದೆ. ಕಲ್ಲು ಸ್ವಲ್ಪ ಬೆಳಕು ತನ್ನಲ್ಲೇ ಇಟ್ಟುಕೊಂಡು ಉಳಿದದ್ದನ್ನು ವಾಪಸ್ ಕಳಿಸುತ್ತದೆ. ಯಾವ ಅಲೆಯ ಬೆಳಕನ್ನು ಎಷ್ಟು ಇಟ್ಟುಕೊಂಡಿತು ಎಂಬ ಲೆಕ್ಕವೇ ರೋಹಿತ. ನಮ್ಮ ಕಣ್ಣು ಸುಮಾರು 400ರಿಂದ 700 ನ್ಯಾನೋಮೀಟರ್ ತನಕ ನೋಡುತ್ತದೆ. ಈ ಯಂತ್ರ 350ರಿಂದ 2,500ರ ತನಕ ನೋಡುತ್ತದೆ. ನಮಗೆ ಎಲ್ಲ ಕರಿಕಲ್ಲೂ ಒಂದೇ. ಅದಕ್ಕೆ ಹಾಗಲ್ಲ. ಬಸಾಲ್ಟ್ ಎಂಬ ಈ ಕರಿ ಲಾವಾ ಕಲ್ಲಿನಲ್ಲಿರುವ ಪೈರಾಕ್ಸೀನ್ ಖನಿಜ 1,000 ಮತ್ತು 2,000 ನ್ಯಾನೋಮೀಟರ್ ಆಸುಪಾಸಿನಲ್ಲಿ ಬೆಳಕು ನುಂಗುತ್ತದೆ. ಪರದೆಯ ಮೇಲೆ ಮೂಡುವ ರೋಹಿತದ ಗೆರೆಯಲ್ಲಿ ಆ ಎರಡು ಕಡೆ ತಗ್ಗು ಬೀಳುತ್ತದೆ. ನೀರು ಹೊಕ್ಕ ಜೇಡಿಯಾದರೆ 1,400, 1,900 ಮತ್ತು 2,200-2,300ರ ಹತ್ತಿರ ತಗ್ಗು.

ಹೇಳಿದಷ್ಟು ಸುಲಭವಾಗಿ ಮಾಡಲು ಬರುವುದಿಲ್ಲ. ಮೊದಲು ಒಂದು ಬಿಳಿ ಬಿಲ್ಲೆ ಹಿಡಿಯಬೇಕು. ಅದು ತನ್ನ ಮೇಲೆ ಬಿದ್ದ ಬೆಳಕನ್ನೆಲ್ಲ ಹೆಚ್ಚುಕಡಿಮೆ ಹಾಗೇ ವಾಪಸ್ ಕೊಡುತ್ತದೆ. ಅದರ ಅಳತೆ ತೆಗೆದು, ಆಮೇಲೆ ಕಲ್ಲಿನದು ತೆಗೆದು, ಕಲ್ಲಿನ ಅಳತೆಯನ್ನು ಬಿಲ್ಲೆಯ ಅಳತೆಯಿಂದ ಭಾಗಿಸಬೇಕು. ಸೂರ್ಯ ಸ್ವಲ್ಪ ಸರಿದರೂ ಮತ್ತೆ ಬಿಳಿ ಬಿಲ್ಲೆ. ತೆಳು ಮೋಡ ಬಂದರೆ ಮತ್ತೆ ಬಿಳಿ ಬಿಲ್ಲೆ. ಅದಕ್ಕೆ ಬೆರಳು ತಾಗಬಾರದು, ಧೂಳು ಕೂರಬಾರದು. ಆ ಬಿಲ್ಲೆ ಹಿಡಿಯುವ ಕೆಲಸ ನನ್ನದಾಗಿತ್ತು.

"ಕಾಕಾ, ಈ ಕಡೆ ಸರೀರಿ. ನಿಮ್ಮ ನೆಳ್ಳು ಬೀಳಾಕತ್ತೈತಿ."

ಸರಿದೆ. ಸ್ವಲ್ಪ ಹೊತ್ತಿಗೆ ನಮ್ಮ ಚಾಲಕ ಕುತೂಹಲದಿಂದ ಬಂದು ಪಕ್ಕ ನಿಂತ. ಹಾಲಿನಂಥ ಬಿಳಿ ಅಂಗಿ ಹಾಕಿದ್ದ. ಅವಳು ಕೈಮುಗಿದು ಅವನನ್ನು ಹತ್ತು ಹೆಜ್ಜೆ ಆಚೆ ಕಳಿಸಿದಳು. ಬಿಳಿ ಅಂಗಿಯಿಂದ ಹಾರಿದ ಬೆಳಕೂ ಕಲ್ಲಿನ ಮೇಲೆ ಬಿದ್ದು ಲೆಕ್ಕ ಕೆಡಿಸುತ್ತದಂತೆ. ಈ ಕೆಲಸಕ್ಕೆ ಹೋಗುವವರು ಕಪ್ಪು ಬಟ್ಟೆ ಹಾಕಿಕೊಳ್ಳುವುದು ಅದಕ್ಕೇ. ಚಾಲಕನಿಗೆ ಬೇಸರವಾಗಿರಬೇಕು. ಮರುದಿನ ನೀಲಿ ಅಂಗಿ ಹಾಕಿಕೊಂಡು ಬಂದು, "ಇದಾಗುತ್ತಾ ತಾಯಿ?" ಎಂದು ಕೇಳಿದ.

ಅಂಚಿನ ಉದ್ದಕ್ಕೂ ನಡೆದರೆ ಪದರಗಳು ಹೊರಗಡೆಗೆ ವಾಲಿರುವುದು ಕಾಣುತ್ತದೆ. ಕೆಲವು ಕಡೆ ಪೂರ್ತಿ ಮಗುಚಿ ಬಿದ್ದಿವೆ. ಕೆಳಗಿರಬೇಕಾದ ಕಲ್ಲು ಮೇಲೆ, ಮೇಲಿರಬೇಕಾದದ್ದು ಕೆಳಗೆ. ಇದನ್ನು ಮೊದಲು ನೋಡಿದ ಭೂವಿಜ್ಞಾನಿಗಳು ಜ್ವಾಲಾಮುಖಿಯ ಬಾಯಿ ಎಂದುಕೊಂಡರು. ಸುತ್ತ ನೋಡಿದರೆ ಬರೀ ಲಾವಾ ಕಲ್ಲು, ಹಾಗಂದುಕೊಂಡರೆ ತಪ್ಪೇನೂ ಇಲ್ಲ. ಬ್ರಿಟಿಷ್ ಅಧಿಕಾರಿ ಅಲೆಕ್ಸಾಂಡರ್ ಈ ಕುಳಿಯ ಬಗ್ಗೆ ಬರೆದದ್ದು 1823ರಲ್ಲಿ. ಆಕಾಶದಿಂದ ಬಿದ್ದ ಕಲ್ಲಿನದೇ ಕೆಲಸ ಎಂಬುದಕ್ಕೆ ಗಟ್ಟಿ ಸಾಕ್ಷಿ ಸಿಕ್ಕಿದ್ದು 1970ರ ದಶಕದ ಶುರುವಿನಲ್ಲಿ. ಸರೋವರದ ತಳದಲ್ಲಿ ಕೊರೆದು ತೆಗೆದ ಚೂರುಗಳಲ್ಲಿ ಮಾಸ್ಕೆಲಿನೈಟ್ ಇತ್ತು.

ಈ ಮಾಸ್ಕೆಲಿನೈಟ್ ಕಥೆ ಅಂಚಿನ ಮೇಲೆ ಬೇವಿನ ನೆರಳಿನಲ್ಲಿ ಕೂತು ಕೇಳಿದ್ದು. ಬಸಾಲ್ಟಿನಲ್ಲಿ ಪ್ಲಾಜಿಯೋಕ್ಲೇಸ್ ಎಂಬ ಬೆಳ್ಳನೆಯ ಹರಳು ಇರುತ್ತದೆ. ಅದರ ಮೇಲೆ ಎರಡರಿಂದ ನಾಲ್ಕು ಲಕ್ಷ ವಾತಾವರಣದಷ್ಟು ಒತ್ತಡ ಕ್ಷಣಮಾತ್ರ ಬಿದ್ದರೆ ಒಳಗಿನ ಅಣುಗಳ ಸಾಲು ಚೆದುರಿಹೋಗುತ್ತದೆ. ಹೊರಗಿನ ಆಕಾರ ಹಾಗೇ ಉಳಿದು ಒಳಗೆ ಗಾಜಾಗುತ್ತದೆ. ಅದೇ ಮಾಸ್ಕೆಲಿನೈಟ್. ಯಾವ ಜ್ವಾಲಾಮುಖಿಯೂ ಇಷ್ಟು ಒತ್ತಡ ಹಾಕಲಾರದು. ಇದನ್ನು ಮೊದಲು ಗುರುತಿಸಿದ್ದು 1872ರಲ್ಲಿ, ನಮ್ಮ ಬಿಹಾರದ ಶೆರ್ಘಾಟಿಯಲ್ಲಿ 1865ರಲ್ಲಿ ಬಿದ್ದ ಉಲ್ಕೆಯಲ್ಲಿ. ಆ ಉಲ್ಕೆ ಮಂಗಳ ಗ್ರಹದಿಂದ ಸಿಡಿದು ಬಂದ ಕಲ್ಲು ಎಂದು ಗೊತ್ತಾದದ್ದು ನೂರು ವರ್ಷಕ್ಕೂ ಆಚೆ. ಮಂಗಳದಿಂದ ಬಂದ ಒಂದು ಬಗೆಯ ಉಲ್ಕೆಗಳಿಗೆಲ್ಲ ಇವತ್ತಿಗೂ ಆ ಊರಿನದೇ ಹೆಸರು, ಶೆರ್ಗೋಟೈಟ್ ಎಂದು.

ಭೂಮಿಯ ಮೇಲಿನ ಉಲ್ಕಾಕುಳಿಗಳಲ್ಲಿ ಹೆಚ್ಚಿನವು ಬೇರೆ ಜಾತಿಯ ಕಲ್ಲಿನಲ್ಲಿವೆ. ಬಸಾಲ್ಟಿನಲ್ಲಿ ಆದವು ಬೆರಳೆಣಿಕೆಯಷ್ಟು. ಬ್ರೆಜಿಲ್‌ನಲ್ಲಿ ಕೆಲವಿವೆ, ಆದರೆ ತುಂಬಾ ಸವೆದಿವೆ. ಆಕಾರ ಉಳಿಸಿಕೊಂಡದ್ದು ಲೋಣಾರ್. ಚಂದ್ರನ ಮೇಲೆ ನಮಗೆ ಕಪ್ಪಗೆ ಕಾಣುವ ಬಯಲುಗಳು ಬಸಾಲ್ಟ್. ಮಂಗಳನ ನೆಲವೂ ಬಹುಪಾಲು ಬಸಾಲ್ಟ್. ಅಲ್ಲಿನ ಕುಳಿಯ ರೋಹಿತ ಓದಲು ಕಲಿಯಬೇಕಾದವರು ಬುಲ್ಢಾಣಾ ಜಿಲ್ಲೆಗೆ ಬರುವುದು ಇದೇ ಕಾರಣಕ್ಕೆ.

ಮಧ್ಯಾಹ್ನ ಒಂದು ಗಂಟೆಗೆ ಪಶ್ಚಿಮದಿಂದ ಮೋಡ ಬಂತು. ತೆಳ್ಳಗಿನ ಮೋಡ, ಬರಿಗಣ್ಣಿಗೆ ಬಿಸಿಲು ಇದ್ದಂತೆಯೇ ಇತ್ತು. ಯಂತ್ರ ಮಾತ್ರ ಒಪ್ಪಲಿಲ್ಲ. ಗೆರೆ ಮೇಲೆ ಕೆಳಗೆ ಕುಣಿಯತೊಡಗಿತು. ಗಾಳಿಯಲ್ಲಿರುವ ನೀರಾವಿ 1,400 ಮತ್ತು 1,900ರ ಹತ್ತಿರದ ಬಿಸಿಲನ್ನು ಮೊದಲೇ ನುಂಗಿಬಿಟ್ಟಿರುತ್ತದೆ. ಜೇಡಿಯ ಗುರುತು ಬೀಳುವುದೂ ಅಲ್ಲೇ. ಹಾಗಾಗಿ ಬಿಸಿಲಿನಲ್ಲಿ ಅಳೆದರೆ ಬೇಕಾದ ಕಡೆಯೇ ಗೆರೆ ಹರಿದುಹೋಗುತ್ತದೆ. ಅದಕ್ಕೆ ಸ್ವಂತ ಹ್ಯಾಲೋಜನ್ ದೀಪವಿರುವ ಇನ್ನೊಂದು ಹಿಡಿ ಇದೆ. ಕಲ್ಲಿಗೆ ಒತ್ತಿ ಹಿಡಿದರೆ ಸೂರ್ಯನ ಹಂಗಿಲ್ಲ. ಆದರೆ ಅದು ಬ್ಯಾಟರಿ ಕುಡಿಯುತ್ತದೆ. ರಾತ್ರಿ ಲಾಡ್ಜಿನಲ್ಲಿ ಕರೆಂಟ್ ಹೋಗಿ ಅರ್ಧ ಮಾತ್ರ ಚಾರ್ಜ್ ಆಗಿತ್ತು. ಎರಡು ಗಂಟೆಗೆಲ್ಲ ಕೆಂಪು ದೀಪ. ಅಷ್ಟರಲ್ಲಿ ಒಂದು ಮುಸುವ ನಮ್ಮ ಬುತ್ತಿ ಚೀಲಕ್ಕೆ ಕೈ ಹಾಕಿ ಭಾಕರಿ ಗಂಟು ಎತ್ತಿಕೊಂಡು ಹೋಗಿ ಬೇವಿನ ಮರ ಹತ್ತಿತು. ಲೋಣಾರಿನಲ್ಲಿ ಊಟದ ಚೀಲವನ್ನು ಕಾರಿನಲ್ಲೇ ಬೀಗ ಹಾಕಿಡಿ. ಬ್ಯಾಟರಿಯನ್ನು ಚಹಾ ಅಂಗಡಿಯವನಿಗೆ ಕೊಟ್ಟೆವು. ಅವನ ಹತ್ತಿರ ಇನ್ವರ್ಟರ್ ಇತ್ತು. ಚಾರ್ಜಿಗೆ ದುಡ್ಡು ಬೇಡ ಎಂದ. ಪ್ರತಿ ಅರ್ಧ ಗಂಟೆಗೆ ಒಂದು ಚಹಾ ಕುಡಿದು ಲೆಕ್ಕ ಸರಿಮಾಡಿದೆವು.

ಅದರ ಮರುದಿನ: ಕೆಳಗೆ, ನೀರಿನ ಹತ್ತಿರ

ಇಳಿಯುವ ದಾರಿ ಗೋಮುಖದ ಕಡೆಯಿಂದ. ಊರವರು ಧಾರಾ ಎನ್ನುತ್ತಾರೆ. ಗುಡಿಯ ಮಗ್ಗುಲಲ್ಲಿ ಸದಾ ಸಿಹಿನೀರು ಬೀಳುತ್ತದೆ. ಬಾಟಲಿ ತುಂಬಿಸಿಕೊಂಡು ಇಳಿಯಬೇಕು, ಕೆಳಗೆ ಕುಡಿಯುವ ನೀರಿಲ್ಲ, ಅಂಗಡಿಯೂ ಇಲ್ಲ. ಹತ್ತುವಾಗ ಮಂಡಿ ಮಾತಾಡುತ್ತದೆ. ನೆತ್ತಿಗೆ ಬಿಸಿಲು ಬರುವ ಮೊದಲು ಇಳಿದುಬಿಟ್ಟರೆ ಒಳ್ಳೆಯದು. ಚಪ್ಪಲಿ ಬೇಡ, ಬೂಟು ಹಾಕಿ.

ಅರ್ಧ ಇಳಿದ ಮೇಲೆ ಸೀತಾಫಲದ ಗಿಡಗಳು, ತೇಗ, ನವಿಲಿನ ಕೂಗು. ಇನ್ನೂ ಕೆಳಗೆ ನಮ್ಮ ಪರಿಚಯದ ಬಳ್ಳಾರಿ ಜಾಲಿ. ಅರಣ್ಯ ಇಲಾಖೆ ಇದನ್ನು ಕಿತ್ತು ಹಾಕಿಸುತ್ತಿದೆ. ಆದರೂ ಅಲ್ಲಲ್ಲಿ ತಲೆ ಎತ್ತುತ್ತದೆ. ಕಾವಲುಗಾರರ ಜೊತೆ ಬಂದಿದ್ದ ಹುಡುಗ ಅದನ್ನು ನೋಡಿದ ಕಡೆಯೆಲ್ಲ ಬೈಯುತ್ತಿದ್ದ. ಬಳ್ಳಾರಿಯಿಂದ ಹಿಡಿದು ಬುಲ್ಢಾಣಾ ತನಕ ಬೈಸಿಕೊಳ್ಳುವ ಗಿಡ ಅದು.

ನೀರು ಹತ್ತಿರವಾದಂತೆ ವಾಸನೆ. ಕೊಳೆತ ಮೊಟ್ಟೆಯ ವಾಸನೆ ಎಂದರೆ ಸಾಕು. ಕರವಸ್ತ್ರ ಹಿಡಿದವರೂ ಸ್ವಲ್ಪ ಹೊತ್ತಿಗೆ ತೆಗೆದುಬಿಡುತ್ತಾರೆ, ಮೂಗು ಹೊಂದಿಕೊಳ್ಳುತ್ತದೆ. ನೀರು ಉಪ್ಪು, ಜೊತೆಗೆ ತೀರಾ ಕ್ಷಾರ. ಪಿಎಚ್ 10ರ ಆಸುಪಾಸು. ದಂಡೆಯ ಕೆಸರು ಒಣಗಿದ ಕಡೆ ಬಿಳಿ ಪುಡಿ. ಅದರಲ್ಲಿ ಟ್ರೋನಾ ಎಂಬ ಸೋಡಾ ಉಪ್ಪು ಇದೆ. ಅಕ್ಬರನ ಕಾಲದ ಐನ್-ಇ-ಅಕ್ಬರಿಯಲ್ಲೇ ಇಲ್ಲಿನ ಉಪ್ಪು ಸಾಬೂನು, ಗಾಜು ಮಾಡಲು ಬರುತ್ತದೆ ಎಂದಿದೆ. 2020ರ ಜೂನ್‌ನಲ್ಲಿ ಇದೇ ನೀರು ಗುಲಾಬಿಯಾಗಿತ್ತು, ಪತ್ರಿಕೆಯಲ್ಲಿ ಫೋಟೋ ನೋಡಿದ್ದು ನಿಮಗೂ ನೆನಪಿರಬಹುದು. ನೀರು ಇಳಿದು ಉಪ್ಪು ಹೆಚ್ಚಾದಾಗ ಉಪ್ಪು ಇಷ್ಟಪಡುವ ಸೂಕ್ಷ್ಮಜೀವಿಗಳು ಬೆಳೆದು ಬಂದ ಬಣ್ಣ ಅದು ಎಂದು ಪುಣೆಯ ಅಗರ್ಕರ್ ಸಂಶೋಧನಾ ಸಂಸ್ಥೆಯವರು ಕಂಡುಕೊಂಡರು.

ಅವಳು ಬಿಳಿ ಪುಡಿಯ ಅಳತೆ ತೆಗೆದಳು. ಪಕ್ಕದ ಹಸಿರು ಪಾಚಿಯದೂ ತೆಗೆದಳು. ಪಾಚಿಯ ಗೆರೆ 670 ನ್ಯಾನೋಮೀಟರ್ ಹತ್ತಿರ ತಟ್ಟನೆ ಕೆಳಗಿಳಿದು 700 ದಾಟಿದ ಮೇಲೆ ಗೋಡೆ ಹತ್ತಿದಂತೆ ಏರಿತು. ಅದು ಹರಿತ್ತಿನ ಗುರುತು. ಮಂಗಳನ ಮೇಲೆ ಎಲ್ಲೂ ಈ ಏರು ಸಿಕ್ಕಿಲ್ಲ. ಸಿಕ್ಕಿದ್ದರೆ ನಾವೆಲ್ಲ ಲೋಣಾರ್ ಬಿಟ್ಟು ಬೇರೆ ಮಾತು ಆಡುತ್ತಿದ್ದೆವು.

ನಿಜವಾದ ಕೆಲಸ ಇದ್ದದ್ದು ಗೋಡೆಯಿಂದ ಉರುಳಿ ಬಂದ ಬಂಡೆಗಳ ಹತ್ತಿರ. ಒಂದೇ ಬಂಡೆ. ಮೊದಲು ಅದರ ಮೈಯನ್ನು ಇದ್ದಹಾಗೇ ಅಳೆದಳು. ಪರದೆಯ ಮೇಲೆ ಬಂದದ್ದು ತುಕ್ಕಿನ ಗೆರೆ. 900ರ ಹತ್ತಿರ ಕಬ್ಬಿಣದ ಆಕ್ಸೈಡಿನ ತಗ್ಗು, 1,900ರಲ್ಲಿ ನೀರು, 2,200ರ ಆಚೆ ಜೇಡಿ. ಆಮೇಲೆ ಸುತ್ತಿಗೆಯಿಂದ ಒಂದು ಚಕ್ಕೆ ಎಬ್ಬಿಸಿ ಒಳಗಿನ ಹೊಸ ಮೈಯನ್ನು ಅಳೆದಳು. ಗೆರೆ ಪೂರ್ತಿ ಬೇರೆ. ಕಪ್ಪು, ಚಪ್ಪಟೆ, 1,000ದ ಹತ್ತಿರ ಪೈರಾಕ್ಸೀನಿನ ಅಗಲವಾದ ತಗ್ಗು.

"ನೋಡಿದ್ರಾ ಕಾಕಾ? ಮ್ಯಾಲಿನ ಸಿಪ್ಪಿ ಒಂದು ಹೇಳ್ತದ, ಒಳಗಿಂದು ಇನ್ನೊಂದು ಹೇಳ್ತದ. ಉಪಗ್ರಹಕ್ಕ ಕಾಣೋದು ಬರೀ ಸಿಪ್ಪಿ."

"ಸಿಪ್ಪಿ ಎಷ್ಟು ದಪ್ಪ ಇರ್ತದವ್ವ?"

"ನಮ್ಮ ಉಗುರಿನಷ್ಟೂ ಇಲ್ಲ. ಅದು ಸಾಕು, ಒಳಗಿಂದೆಲ್ಲ ಮುಚ್ಚಾಕ."

ಅಲ್ಲಿಂದ ಮುಂದೆ ನನಗೆ ಈ ಪ್ರವಾಸ ಬೇರೆಯಾಗಿ ಕಾಣತೊಡಗಿತು. ಅಲ್ಲಿಯ ತನಕ ನಾನು ಯಂತ್ರ ದೊಡ್ಡದು ಅಂದುಕೊಂಡಿದ್ದೆ. ಸುತ್ತಿಗೆಯೂ ಅಷ್ಟೇ ದೊಡ್ಡದು. ಮಂಗಳಕ್ಕೆ ಹೋದ ಹಲವು ಗಾಡಿಗಳು ಇದಕ್ಕೊಂದು ದಾರಿ ಹುಡುಕಿಕೊಂಡಿವೆ. ಸ್ಪಿರಿಟ್, ಆಪರ್ಚುನಿಟಿಗೆ ಕಲ್ಲು ಉಜ್ಜುವ ಉಪಕರಣ ಇತ್ತು. ಕ್ಯೂರಿಯಾಸಿಟಿಗೆ ಧೂಳು ಹೊಡೆಯುವ ಬ್ರಷ್. 2021ರ ಫೆಬ್ರವರಿಯಲ್ಲಿ ಜೆಜೆರೋ ಕುಳಿಗೆ ಇಳಿದ ಪರ್ಸಿವರೆನ್ಸ್ ಮೊದಲು ಕಲ್ಲನ್ನು ದುಂಡಗೆ ಉಜ್ಜಿ, ಆಮೇಲೆ ಬೆಳಕು ಬಿಡುತ್ತದೆ. ನಮ್ಮ ಪ್ರಜ್ಞಾನ್ 2023ರ ಆಗಸ್ಟ್‌ನಲ್ಲಿ ಚಂದ್ರನ ಮಣ್ಣಿಗೆ ಲೇಸರ್ ಹೊಡೆದು, ಎದ್ದ ಕಿಡಿಯ ರೋಹಿತ ಓದಿ, ಗಂಧಕ ಇದೆ ಎಂದು ಹೇಳಿತಲ್ಲ. ಆ ಲೇಸರ್ ಉಪಕರಣ ತಯಾರಾದದ್ದು ಬೆಂಗಳೂರಿನ ಇಸ್ರೋ ಪ್ರಯೋಗಾಲಯ ಲಿಯೋಸ್‌ನಲ್ಲಿ. ಮೇಲಿನಿಂದ ನೋಡುವ ಉಪಕರಣಗಳಿಗೆ ಆ ಭಾಗ್ಯವಿಲ್ಲ. ಚಂದ್ರಯಾನ-1ರ ಮೇಲೆ ಹೋಗಿದ್ದ ನಾಸಾದ ಎಂ3 ಚಂದ್ರನಲ್ಲಿ ನೀರಿನ ಗುರುತು ಕಂಡದ್ದು, ಚಂದ್ರಯಾನ-2ರ ಐಐಆರ್‌ಎಸ್ 5 ಮೈಕ್ರೋಮೀಟರ್ ತನಕ ಅಳೆಯುತ್ತಿರುವುದು, ಎಲ್ಲವೂ ಮೇಲ್ಮೈಯ ಸುದ್ದಿ. ಆದರೆ ಅಲ್ಲೊಂದು ಅನುಕೂಲವಿದೆ. ಸುತ್ತಿಗೆಯ ಕೆಲಸವನ್ನು ಉಲ್ಕೆಗಳೇ ಮಾಡಿಟ್ಟಿವೆ. ದೊಡ್ಡ ಕುಳಿಗಳ ನಡುವೆ ಆಳದ ಕಲ್ಲು ಮೇಲೆದ್ದು ಗುಡ್ಡವಾಗುತ್ತದೆ. 1982ರಲ್ಲೇ ಕಾರ್ಲೀ ಪೀಟರ್ಸ್ ಭೂಮಿಯ ದೂರದರ್ಶಕದಿಂದ ರೋಹಿತ ತೆಗೆದು, ಚಂದ್ರನ ಕೋಪರ್ನಿಕಸ್ ಕುಳಿಯ ನಡುಗುಡ್ಡದಲ್ಲಿ ಆಲಿವೀನ್ ಎಂಬ ಖನಿಜ ಇದೆ ಎಂದು ತೋರಿಸಿದ್ದರು. ಲೋಣಾರ್ ಸಣ್ಣ ಕುಳಿ, ಅದಕ್ಕೆ ನಡುಗುಡ್ಡ ಇಲ್ಲ.

ರಾತ್ರಿ ಲಾಡ್ಜಿನಲ್ಲಿ ಇನ್ನೊಂದು ಯಂತ್ರ ಹೊರಗೆ ಬಂತು. ಕೈಯಲ್ಲಿ ಹಿಡಿಯುವ ರಾಮನ್ ಯಂತ್ರ. ಲೇಸರ್ ಬಿಟ್ಟು, ಕಲ್ಲಿನಿಂದ ಬಣ್ಣ ಬದಲಿಸಿಕೊಂಡು ಚೆದುರಿ ಬರುವ ಒಂದಿಷ್ಟು ಬೆಳಕನ್ನು ಹಿಡಿಯುವುದು. 1928ರಲ್ಲಿ ಸಿ. ವಿ. ರಾಮನ್ ಕಂಡ ಪರಿಣಾಮ ಈಗ ಪರ್ಸಿವರೆನ್ಸ್ ಜೊತೆ ಮಂಗಳನ ಮೇಲಿದೆ. ಆಮೇಲಿನ ವರ್ಷಗಳಲ್ಲಿ ರಾಮನ್ ಬೆಂಗಳೂರಿನಲ್ಲಿ ಕೂತು ಹರಳುಗಳ ಹಿಂದೆ ಬಿದ್ದರು. 1950ರಲ್ಲಿ ಲ್ಯಾಬ್ರಡೊರೈಟಿನ ಮಿನುಗುಬಣ್ಣ ಎಲ್ಲಿಂದ ಬರುತ್ತದೆ ಎಂದು ಜಯರಾಮನ್ ಜೊತೆ ಪ್ರಬಂಧ ಬರೆದರು. ಲೋಣಾರಿನ ಬಸಾಲ್ಟಿನಲ್ಲಿರುವ ಪ್ಲಾಜಿಯೋಕ್ಲೇಸ್ ಅದೇ ಲ್ಯಾಬ್ರಡೊರೈಟ್ ಜಾತಿಯದು.

ಈ ಅಳತೆಗೆ ಕತ್ತಲು ಬೇಕು. ಟ್ಯೂಬ್‌ಲೈಟ್ ಆರಿಸಿ, ಕಿಟಕಿಗೆ ಹೊದಿಕೆ ಸಿಕ್ಕಿಸಿ, ಇಬ್ಬರೂ ರಕ್ಷಣೆಯ ಕನ್ನಡಕ ಹಾಕಿಕೊಂಡು ಮಂಚದ ಮೇಲೆ ಬಗ್ಗಿದ್ದೆವು. ಆ ಹೊತ್ತಿಗೆ ಬಿಸಿನೀರು ಬೇಕಾ ಎಂದು ಕೇಳಲು ಹುಡುಗ ಬಾಗಿಲು ತೆರೆದ. ನಮ್ಮನ್ನು ನೋಡಿ ಬಕೆಟ್ ಅಲ್ಲೇ ಇಟ್ಟು ಹೋದವನು ಮತ್ತೆ ಬರಲಿಲ್ಲ.

ಸಾಧಾರಣ ಕಲ್ಲಿನ ಚೂರಿನಲ್ಲಿ 510ರ ಹತ್ತಿರ (ಇದು ನ್ಯಾನೋಮೀಟರ್ ಅಲ್ಲ, ರಾಮನ್ ಯಂತ್ರದ್ದೇ ಬೇರೆ ಅಳತೆ) ಚೂಪಾದ ಶಿಖರ ಬಂತು. ಪ್ಲಾಜಿಯೋಕ್ಲೇಸ್ ಹರಳು ಆರಾಮವಾಗಿದೆ ಎಂದು ಅರ್ಥ. ಆಮೇಲೆ ಅವಳು ಪ್ರಯೋಗಾಲಯದಿಂದ ತಂದಿದ್ದ ಹಳೆಯ ಚೂರು ತೆಗೆದಳು. ಅದು ಹಿಂದಿನ ತಂಡ ಇದೇ ಕುಳಿಯಿಂದ ಆರಿಸಿದ್ದು. ಅದೇ ಜಾಗದಲ್ಲಿ ಶಿಖರ ಇಲ್ಲ, ಬರೀ ಅಗಲವಾದ ದಿಬ್ಬ. ಅಂದರೆ ಹರಳು ಗಾಜಾಗಿ ಮಾಸ್ಕೆಲಿನೈಟ್ ಆಗಿದೆ. ಕಣ್ಣಿಗೆ ಎರಡೂ ಚೂರು ಒಂದೇ. ನಾನು ಬೆರಳಿನಲ್ಲಿ ಉಜ್ಜಿ ನೋಡಿದೆ, ಕಿಟಕಿಯ ಹೊದಿಕೆ ಸರಿಸಿ ಬೀದಿದೀಪಕ್ಕೆ ಹಿಡಿದು ನೋಡಿದೆ. ಒಂದೇ. ಆ ದಿನ ನಾವು ಆರಿಸಿದ್ದ ಚೂರುಗಳಲ್ಲಿ ಒಂದರಲ್ಲೂ ದಿಬ್ಬ ಬರಲಿಲ್ಲ. ಬಲವಾದ ಪೆಟ್ಟು ತಿಂದ ಕಲ್ಲು ಇಲ್ಲಿ ಅಪರೂಪ, ಹೆಚ್ಚಿನವು ಪೆಟ್ಟಿಗೆ ಚೂರಾಗಿ ಹಾರಿದವು, ಅಷ್ಟೇ.

ಬಾವಿಯ ದಿನ

ಕುಳಿ ನೋಡಿ ಹೊರಟುಬಿಡುವವರು ಸುತ್ತಲಿನ ಹೊಲಗಳನ್ನು ನೋಡುವುದೇ ಇಲ್ಲ. ಎರಚಿ ಬಿದ್ದ ಕಲ್ಲುಮಣ್ಣು ಅಂಚಿನಿಂದ ಒಂದು ಕಿ.ಮೀ.ಗಿಂತ ದೂರದ ತನಕ ಹರಡಿದೆ. ಈಗ ಅದರ ಮೇಲೆ ತೊಗರಿ, ಹತ್ತಿ, ಜೋಳ. ಸವೆದ ಪದರದ ಅಡ್ಡಸೀಳು ನೋಡಲು ಅವಳು ಒಂದು ತಗ್ಗು ಹುಡುಕುತ್ತಿದ್ದಳು. ದಾರಿಯಲ್ಲಿ ಎತ್ತಿಗೆ ನೀರು ಕುಡಿಸುತ್ತಿದ್ದ ರೈತರೊಬ್ಬರನ್ನು ನನ್ನ ಅರೆಬರೆ ಮರಾಠಿಯಲ್ಲಿ ಕೇಳಿದೆ. ಅವರು ತಕ್ಷಣ, "ತಗ್ಗು ಯಾಕೆ, ನಮ್ಮ ಬಾವಿ ನೋಡಿ" ಅಂದರು. ಹಳೆಯ ಬಾವಿ ಕುಸಿದಿತ್ತಂತೆ. ಹೂಳು ತೆಗೆಸಿ, ಗೋಡೆ ಕೆತ್ತಿಸಿ ಅಗಲ ಮಾಡಿಸುತ್ತಿದ್ದರು.

ಬಾವಿಯ ಗೋಡೆಯಲ್ಲಿ ಎಲ್ಲ ಇತ್ತು. ಮೇಲೆ ಕರಿ ಎರೆಮಣ್ಣು. ಅದರ ಕೆಳಗೆ ದೊಡ್ಡದು, ಸಣ್ಣದು, ಮೂಲೆ ಚೂಪಾದದ್ದು, ಪುಡಿಯಾದದ್ದು ಎಲ್ಲ ಕಲಸಿದ ಕಲ್ಲು. ಅದರ ಕೆಳಗೆ ಕದಲದ ಬಂಡೆ. "ನಮ್ಮಪ್ಪ ಹೇಳುತ್ತಿದ್ದರು," ಎಂದರು ಅವರು. "ಕೆರೆಯ ಕಡೆ ಹೊಲ ಇದ್ದವನು ಗುದ್ದಲಿಯಿಂದ ಬಾವಿ ತೋಡಬಹುದು. ಆಚೆ ಕಡೆಯವನಿಗೆ ಮೊದಲ ದಿನದಿಂದಲೇ ಸಿಡಿಮದ್ದು ಬೇಕು." ಎರಚಿದ ಕಲ್ಲು ಎಲ್ಲಿಯ ತನಕ ಬಿದ್ದಿದೆ ಎಂದು ಇದಕ್ಕಿಂತ ಚೊಕ್ಕವಾಗಿ ಯಾರೂ ಹೇಳಲಾರರು. ಅವಳು ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು.

ಹಗ್ಗದ ಏಣಿಯಲ್ಲಿ ಅವಳು ಇಳಿದಳು, ನಾನು ಮೇಲಿನಿಂದ ಕೇಬಲ್ ಬಿಟ್ಟೆ. ಚಹಾ ಅಂಗಡಿಯ ಪುಣ್ಯದಿಂದ ಬ್ಯಾಟರಿ ತುಂಬಿತ್ತು. ಬಾವಿಯೊಳಗೆ ಬಿಸಿಲಿನ ಹಂಗಿಲ್ಲ, ಹ್ಯಾಲೋಜನ್ ದೀಪ ಸಾಕು. ಕಲಸಿದ ಪದರದಲ್ಲಿ ತಿಳಿಹಸಿರು ಜೇಡಿಯ ಗೆರೆಗಳಿದ್ದವು. ಅವುಗಳ ರೋಹಿತದಲ್ಲಿ ತಗ್ಗು ಬಿದ್ದದ್ದು 1,400, 1,900, 2,300ರಲ್ಲಿ. ಮೆಗ್ನೀಸಿಯಂ, ಕಬ್ಬಿಣ ಇರುವ ಜೇಡಿ ಎಂದಳು. ಮುಖ ಅರಳಿತ್ತು, ಆದರೆ ಪೂರ್ತಿ ಅರಳಿರಲಿಲ್ಲ.

ಕಾರಣ ಸೀತನಿ ತಿನ್ನುತ್ತಾ ಹೇಳಿದಳು. ರೈತರು ಹೊಲದ ಮೂಲೆಯಲ್ಲಿ ಬೆರಣಿ ಕೆಂಡ ಮಾಡಿ ಎಳೆ ಜೋಳದ ತೆನೆ ಸುಟ್ಟು, ತಿಕ್ಕಿ, ಶೇಂಗಾ ಚಟ್ನಿಯ ಜೊತೆ ಕೊಟ್ಟಿದ್ದರು. ಡಿಸೆಂಬರ್, ಜನವರಿಯಲ್ಲಿ ಈ ಕಡೆ ಬಂದರೆ ಯಾರಾದರೂ ಕರೆದೇ ಕರೆಯುತ್ತಾರೆ. ಬೇಡ ಅನ್ನಬೇಡಿ. ವಿಷಯ ಇಷ್ಟು. ಉಲ್ಕೆ ಬಿದ್ದಾಗ ಬಂಡೆ ಕಾದು, ನೆಲದ ನೀರು ಕುದ್ದು, ಬಿರುಕುಗಳಲ್ಲಿ ಹರಿದು ಜೇಡಿ ಹುಟ್ಟುತ್ತದೆ. ಲೋಣಾರಿನ ತಳದಿಂದ ತೆಗೆದ ಕಲ್ಲಿನಲ್ಲಿ ಸಪೋನೈಟ್, ಸೆಲಡೊನೈಟ್ ಎಂಬ ಜೇಡಿಗಳನ್ನು 2003ರಲ್ಲಿ ಹ್ಯಾಗರ್ಟಿ ಮತ್ತು ನ್ಯೂಸಮ್ ವಿವರಿಸಿದ್ದಾರೆ. ಮಂಗಳನ ಕುಳಿಗಳಲ್ಲೂ ಹೀಗೆಯೇ ಬಿಸಿನೀರು ಹರಿದಿದ್ದರೆ, ಒಂದು ಕಾಲಕ್ಕೆ ಜೀವಕ್ಕೆ ಅನುಕೂಲವಾಗಿತ್ತೋ ಏನೋ ಎಂಬ ಆಸೆ. ಆದರೆ ನಮ್ಮ ದಖ್ಖನ್ ಬಸಾಲ್ಟಿನ ತೂತುಗಳಲ್ಲಿ ಉಲ್ಕೆ ಬೀಳುವ ಎಷ್ಟೋ ಮೊದಲೇ ಇಂಥದೇ ಜೇಡಿ, ಜಿಯೋಲೈಟ್ ಎಂಬ ಖನಿಜ ತುಂಬಿಕೊಂಡಿದ್ದವು. ಬಿದ್ದ ಮೇಲೆ ಲಕ್ಷಾಂತರ ವರ್ಷದ ಮಳೆಯೂ ಜೇಡಿ ಮಾಡಿದೆ. ಮೂರರ ರೋಹಿತವೂ ಹತ್ತಿರಹತ್ತಿರ.

"ಹಂಗಾದ್ರ ನಿನ್ನ ಜೇಡಿ ಯಾವ ಕಾಲದ್ದು?"

"ಅದನ್ನ ಬೆಳಕು ಹೇಳಂಗಿಲ್ಲ ಕಾಕಾ. ಏನು ಐತಿ ಅಂತ ಹೇಳ್ತದ. ಯಾವಾಗ ಆತು ಅಂತ ಕೇಳಿದ್ರ ಬಾಯಿ ಮುಚ್ಕೊಂತದ."

ಅದಕ್ಕೆ ಬೇಕಾದ್ದು ಬಾವಿಯಂಥ ಅಡ್ಡಸೀಳು. ಜೇಡಿಯ ಗೆರೆ ಕಲ್ಲಿನ ಚೂರಿನೊಳಗೆ ನಿಂತುಹೋಗಿದೆಯೋ, ಅಥವಾ ಚೂರಿನಿಂದ ಚೂರಿಗೆ ದಾಟಿದೆಯೋ ನೋಡಬೇಕು. ಒಳಗೇ ನಿಂತಿದ್ದರೆ ಹಳೆಯದು. ದಾಟಿದ್ದರೆ ಒಡೆದ ಮೇಲೆ ಬಂದದ್ದು. ಬಾವಿಯಲ್ಲಿ ಎರಡೂ ಬಗೆ ಇದ್ದವು. ಉಪಗ್ರಹದಿಂದ ಮಂಗಳ ನೋಡಿ "ಇಲ್ಲಿ ಜೇಡಿ ಇದೆ, ಹಾಗಾಗಿ ಬಿಸಿನೀರಿತ್ತು" ಎಂದು ಬರೆದದ್ದನ್ನು ಇನ್ನು ಮುಂದೆ ಓದಿದಾಗ ನಾನಂತೂ ಸ್ವಲ್ಪ ತಡೆದು ಓದುತ್ತೇನೆ.

ಕುಳಿಯ ವಯಸ್ಸಿನ ವಿಷಯವೂ ಹಾಗೇ ಆಗಿದೆ. ಮೊದಲು ಸುಮಾರು 50 ಸಾವಿರ ವರ್ಷ ಎಂದಿದ್ದರು, ಎಷ್ಟೋ ಫಲಕಗಳಲ್ಲಿ ಈಗಲೂ ಅದೇ ಇದೆ. ಕಲ್ಲಿನೊಳಗಿನ ಆರ್ಗಾನ್ ಅನಿಲದ ಲೆಕ್ಕದ ಮೇಲೆ ಆಮೇಲೆ ಬಂದದ್ದು ಸುಮಾರು 5.7 ಲಕ್ಷ ವರ್ಷ. ಗೈಡ್ ಹಳೆಯ ಲೆಕ್ಕ ಹೇಳಿದರೆ ಜಗಳಕ್ಕೆ ಹೋಗಬೇಡಿ.

ಹೊರಡುವ ದಿನ

ಬೆಳಿಗ್ಗೆ ದೈತ್ಯಸೂದನ ಗುಡಿ. ಊರ ನಡುವೆಯೇ ಇದೆ. ಲವಣಾಸುರನನ್ನು ವಿಷ್ಣು ಕೊಂದ ಜಾಗ ಇದು ಎಂದು ಊರಿನ ಕಥೆ. ಹೊರಗೋಡೆಯ ಕೆತ್ತನೆ ನೋಡಲು ಒಂದು ಗಂಟೆ ಸಾಲದು. ಚಾಲುಕ್ಯರ ಕಾಲದ್ದು ಎನ್ನುತ್ತಾರೆ. ನಾನು ಶಿಲ್ಪ ನೋಡುತ್ತಿದ್ದೆ, ಅವಳು ಕಲ್ಲು ನೋಡುತ್ತಿದ್ದಳು. ಆಮೇಲೆ ಕುಳಿಯಿಂದ ಸ್ವಲ್ಪ ದೂರದ ಅಂಬರ್ ಕೆರೆ ಮತ್ತು ಮಲಗಿದ ಮಾರುತಿಯ ಗುಡಿ. ಅಂಬರ್ ತಗ್ಗೂ ಅದೇ ಉಲ್ಕೆಯ ಒಡೆದ ತುಣುಕು ಬಿದ್ದು ಆದದ್ದು ಎನ್ನುವವರಿದ್ದಾರೆ, ಒಪ್ಪದವರೂ ಇದ್ದಾರೆ. ಮಧ್ಯಾಹ್ನಕ್ಕೆ ಹೊರಟು, ಬೀಡ್‌ನಲ್ಲಿ ರಾತ್ರಿ ಊಟ ಮಾಡಿ, ನಡುರಾತ್ರಿ ದಾಟಿದ ಮೇಲೆ ಮನೆ ಸೇರಿದೆವು.

ಬಾವಿಯ ಜೇಡಿಯ ಚೂರುಗಳು ಈಗ ಬೆಂಗಳೂರಿನಲ್ಲಿವೆ. ಎಕ್ಸ್-ರೇ ಪರೀಕ್ಷೆಗೆ ಸಾಲಿನಲ್ಲಿ ಕಾಯುತ್ತಿವೆ. ಮೊನ್ನೆ ಆ ರೈತರು ನನಗೆ ಫೋನ್ ಮಾಡಿದ್ದರು. ಬಾವಿ ಅಗಲ ಮಾಡುವ ಕೆಲಸ ಮುಗಿಯಿತಂತೆ. ಶಿವರಾತ್ರಿಯ ಹೊತ್ತಿಗೆ ಒಳಗೆ ಸಿಮೆಂಟ್ ರಿಂಗ್ ಇಳಿಸುತ್ತಾರಂತೆ. "ಹುಡುಗಿಗೆ ಗೋಡೆ ಇನ್ನೊಮ್ಮೆ ನೋಡುವುದಿದ್ದರೆ ಅಷ್ಟರೊಳಗೆ ಬರಲು ಹೇಳಿ" ಅಂದರು. ಹೇಳಿದೆ. ಅವಳು ಅನುಮತಿ ಪತ್ರಕ್ಕೆ ಅರ್ಜಿ ಹಾಕಿದ್ದಾಳೆ. ಜ್ವರದ ಹುಡುಗ ಈಗ ಹುಷಾರಾಗಿದ್ದಾನಂತೆ, ಆದರೂ ಬಿಲ್ಲೆ ಹಿಡಿಯಲು ನೀವೇ ಬರ್ರಿ ಅಂದಿದ್ದಾಳೆ.